ಕರೆಂಟ್, ಗ್ಯಾಸ್, ನೀರು, ದಿನಸಿ: ಮನೆ ಖರ್ಚು ಹಿಡಿತಕ್ಕೆ ತರುವ ಸರಳ ಉಪಾಯಗಳು

ತಿಂಗಳ ಕೊನೆಯ ವಾರ ಬಂತೆಂದರೆ ಹಲವು ಮನೆಗಳಲ್ಲಿ ಒಂದೇ ಮಾತು: ‘ದುಡ್ಡು ಎಲ್ಲಿ ಹೋಯ್ತೋ ಗೊತ್ತೇ ಆಗಲಿಲ್ಲ’. ಮನೆ ಬಾಡಿಗೆ, ಮಕ್ಕಳ ಫೀಸು, ಸಂಘದ ಕಂತು ಎಲ್ಲರ ಲೆಕ್ಕದಲ್ಲೂ ಇರುತ್ತವೆ. ಲೆಕ್ಕಕ್ಕೆ ಸಿಗದೆ ಹೋಗುವುದು ಸೋರುವ ನಲ್ಲಿ, ಸುಮ್ಮನೆ ಉರಿಯುವ ಒಲೆ, ಹುಳ ಬಿದ್ದ ಬೇಳೆ, ಆಫ್ ಮಾಡದ ಗೀಸರ್. ಹೊಸ ಸಾಮಾನು ಕೊಳ್ಳದೆ, ಹೆಚ್ಚು ಶ್ರಮವೂ ಇಲ್ಲದೆ ಇವನ್ನು ಸರಿಪಡಿಸುವುದು ಹೇಗೆ? ಮನೆಯವರಿಗೂ ಅಂಗಡಿಯವರಿಗೂ ಉಪಯೋಗವಾಗುವ ಮಾಹಿತಿ ಇಲ್ಲಿದೆ.

ಕರೆಂಟ್: ಮೊದಲು ಯೂನಿಟ್ ಲೆಕ್ಕ ತಿಳಿಯಿರಿ

1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ 1 ಯೂನಿಟ್. ಇಷ್ಟು ಗೊತ್ತಿದ್ದರೆ ಸಾಕು, ಮನೆಯಲ್ಲಿ ಯಾವುದು ಹೆಚ್ಚು ಕರೆಂಟ್ ಎಳೆಯುತ್ತದೆ ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. 1 ಯೂನಿಟ್ ಖರ್ಚಾಗಲು ಯಾವುದಕ್ಕೆ ಎಷ್ಟು ಹೊತ್ತು ಬೇಕು ನೋಡಿ:

* 2000 ವ್ಯಾಟ್ ಗೀಸರ್: 30 ನಿಮಿಷ
* 1500 ವ್ಯಾಟ್ ನೀರು ಕಾಯಿಸುವ ರಾಡ್: 40 ನಿಮಿಷ
* 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ: ಬಿಡದೆ ಕಾದರೆ 1 ಗಂಟೆ
* 75 ವ್ಯಾಟ್ ಹಳೆಯ ಸೀಲಿಂಗ್ ಫ್ಯಾನ್: ಸುಮಾರು 13 ಗಂಟೆ
* 9 ವ್ಯಾಟ್ ಎಲ್‌ಇಡಿ ಬಲ್ಬ್: ಸುಮಾರು 110 ಗಂಟೆ

ಇದರ ಅರ್ಥ ಇಷ್ಟೇ: ಬಚ್ಚಲುಮನೆ ಬಲ್ಬ್ ಆಫ್ ಮಾಡಲು ಮಕ್ಕಳನ್ನು ಗದರುವ ಮನೆಯಲ್ಲಿ ಗೀಸರ್ ಒಂದು ಗಂಟೆ ಹೆಚ್ಚು ಉರಿದರೆ ಉಳಿಸಿದ್ದೆಲ್ಲ ಹೋಯಿತು. ಬಿಲ್ ಹೆಚ್ಚಿಸುವುದು ಬಿಸಿ ಮಾಡುವ ಉಪಕರಣಗಳು. ದಿನಕ್ಕೆ ಒಂದು ಗಂಟೆ ರಾಡ್ ಹಾಕುವ ಮನೆಯಲ್ಲಿ ತಿಂಗಳಿಗೆ 45 ಯೂನಿಟ್ ನೀರು ಕಾಯಿಸಲಿಕ್ಕೇ ಬೇಕು. 20 ನಿಮಿಷ ಕಡಿಮೆ ಮಾಡಿದರೆ 15 ಯೂನಿಟ್ ಉಳಿಯಿತು. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಕಾದ ನೀರು ಆರಿ ಮತ್ತೆ ಕಾಯಿಸುವ ಕೆಲಸವೂ ತಪ್ಪುತ್ತದೆ. ಬಕೆಟ್ ಮೇಲೆ ಮುಚ್ಚಳ ಇದ್ದರೆ ನೀರು ಬೇಗ ಆರುವುದಿಲ್ಲ.

ರಾಡ್ ವಿಚಾರದಲ್ಲಿ ಹುಷಾರು: ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಕಾದಿದೆಯೋ ಇಲ್ಲವೋ ಎಂದು ಬೆರಳದ್ದಿ ನೋಡುವ ಅಭ್ಯಾಸ ಜೀವಕ್ಕೇ ಅಪಾಯ. ಕಬ್ಬಿಣದ ಬಕೆಟ್‌ನಲ್ಲಿ ರಾಡ್ ಇಡಬೇಡಿ. ಮನೆಯ ಮೇನ್ ಬೋರ್ಡ್‌ನಲ್ಲಿ ಕರೆಂಟ್ ಸೋರಿದ ಕೂಡಲೇ ಟ್ರಿಪ್ ಆಗುವ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಈ ಒಂದು ಖರ್ಚಿನಲ್ಲಿ ಜುಗ್ಗತನ ಬೇಡ.

ಗೃಹಜ್ಯೋತಿ: 200ರ ಗೆರೆ ದಾಟಿದರೆ ಏನಾಗುತ್ತದೆ?

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ‘200 ಯೂನಿಟ್ ಫ್ರೀ’ ಎಂಬುದನ್ನು ಹಲವರು ತಪ್ಪಾಗಿ ತಿಳಿದುಕೊಂಡಿದ್ದಾರೆ. ಎಲ್ಲರಿಗೂ 200 ಯೂನಿಟ್ ಸಿಗುವುದಿಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಅರ್ಹ ಯೂನಿಟ್ ನಿಗದಿ ಮಾಡಲಾಗಿರುತ್ತದೆ.

ಒಂದು ಮನೆಯ ಅರ್ಹ ಯೂನಿಟ್ 110 ಎಂದುಕೊಳ್ಳಿ. ಆ ತಿಂಗಳು 105 ಖರ್ಚಾದರೆ ಬಿಲ್ ಸೊನ್ನೆ. 130 ಖರ್ಚಾದರೆ ಮೇಲಿನ 20 ಯೂನಿಟ್‌ಗೆ ಹಣ ಕಟ್ಟಬೇಕು. 205 ಆದರೆ? 5 ಯೂನಿಟ್‌ಗೆ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ 200ರ ಅಂಚಿನಲ್ಲಿರುವ ಮನೆಗಳಿಗೆ ಕೊನೆಯ ನಾಲ್ಕೈದು ಯೂನಿಟ್ ಬಹಳ ದುಬಾರಿ.

ಇದಕ್ಕೆ ಉಪಾಯ ಸುಲಭ. ಮೀಟರ್ ರೀಡರ್ ಬಂದ ದಿನದ ರೀಡಿಂಗ್ ಅನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. 15ನೇ ದಿನ ಮತ್ತೆ ಮೀಟರ್ ನೋಡಿ. ದಿನಕ್ಕೆ ಆರೂವರೆ ಯೂನಿಟ್ ದಾಟದಿದ್ದರೆ 30 ದಿನಕ್ಕೆ 195ರಲ್ಲಿ ನಿಲ್ಲುತ್ತದೆ. 15 ದಿನಕ್ಕೇ 110 ಆಗಿದ್ದರೆ ಉಳಿದ ಎರಡು ವಾರ ಕೈ ಬಿಗಿ ಹಿಡಿಯಲು ಅವಕಾಶ ಇದೆ. ಬಿಲ್ ಕೈಗೆ ಬಂದ ಮೇಲೆ ಏನೂ ಮಾಡಲಾಗದು.

ಫ್ಯಾನ್, ಫ್ರಿಜ್, ಟಿವಿ

ಹಳೆಯ 75 ವ್ಯಾಟ್ ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್ ದಾಟುತ್ತದೆ. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ 9 ಯೂನಿಟ್ ಸಾಕು. ಇರುವ ಫ್ಯಾನನ್ನು ಎಸೆದು ಹೊಸತು ತರಬೇಕಿಲ್ಲ. ಕೆಟ್ಟಾಗ ಬದಲಿಸುವಾಗ, ಅದೂ ಹೆಚ್ಚು ಹೊತ್ತು ಓಡುವ ಕೋಣೆಗೆ ಮೊದಲು ಹಾಕಿಸಿದರೆ ಲಾಭ.

ಫ್ರಿಜ್ ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ಎಂದು ನೋಡಲು ಒಂದು ನೋಟು ಅಥವಾ ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ. ಎಳೆದಾಗ ಸಲೀಸಾಗಿ ಬಂದರೆ ತಂಪು ಸೋರುತ್ತಿದೆ ಎಂದರ್ಥ. ಮೊದಲು ರಬ್ಬರ್ ಒರೆಸಿ ನೋಡಿ, ಆಮೇಲೂ ಹಾಗೇ ಇದ್ದರೆ ಬದಲಿಸಿ. ಗೋಡೆಗೆ ಒತ್ತಿ ಇಡಬೇಡಿ. ಬಿಸಿ ಸಾರನ್ನು ಆರಿಸಿಯೇ ಒಳಗಿಡಿ. ಫ್ರೀಜರ್‌ನಲ್ಲಿ ಐಸ್ ದಪ್ಪಗೆ ಕಟ್ಟಿದರೆ ಕರಗಿಸಿ, ಆದರೆ ಚಾಕುವಿನಿಂದ ಕೆರೆಯಬೇಡಿ. ಪೈಪ್ ತೂತಾದರೆ ರಿಪೇರಿ ಖರ್ಚು ದೊಡ್ಡದು.

ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳನ್ನು ರಿಮೋಟ್‌ನಲ್ಲಿ ಆಫ್ ಮಾಡಿದರೆ ಪೂರ್ತಿ ಆಫ್ ಆಗುವುದಿಲ್ಲ. 10 ವ್ಯಾಟ್ ಎಳೆಯುವ ಬಾಕ್ಸ್ ಹಗಲು ರಾತ್ರಿ ಹಾಗೇ ಇದ್ದರೆ ತಿಂಗಳಿಗೆ 7 ಯೂನಿಟ್ ಹೋಯಿತು. ಮಲಗುವ ಮುಂಚೆ ಗೋಡೆಯ ಸ್ವಿಚ್ ಆಫ್ ಮಾಡಿ.

ಗ್ಯಾಸ್: ಸಿಲಿಂಡರ್ ಬಂದ ದಿನವೇ ನೋಡಬೇಕಾದ ಮೂರು ವಿಷಯ

* ತೂಕ: ಮನೆ ಬಳಕೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರಬೇಕು. ಖಾಲಿ ಸಿಲಿಂಡರ್‌ನ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ. ಅದು 15.8 ಎಂದಿದ್ದರೆ ಒಟ್ಟು ತೂಕ 30 ಕೆಜಿ ಬರಬೇಕು. ಅನುಮಾನ ಬಂದರೆ ತೂಗಿ ತೋರಿಸಲು ಡೆಲಿವರಿ ಹುಡುಗನಿಗೆ ಹೇಳಬಹುದು, ಅದು ಗ್ರಾಹಕರ ಹಕ್ಕು.
* ಸೀಲ್: ಒಡೆದಿದ್ದರೆ ತೆಗೆದುಕೊಳ್ಳಬೇಡಿ. ಮುಚ್ಚಳ ತೆಗೆದಾಗ ಒಳಗಿನ ರಬ್ಬರ್ ವಾಷರ್ ಇದೆಯೇ, ವಾಸನೆ ಬರುತ್ತಿದೆಯೇ ಎಂದು ಅವರ ಎದುರೇ ನೋಡಿ.
* ಪರೀಕ್ಷೆ ಅವಧಿ: ಮೇಲಿನ ಪಟ್ಟಿಯ ಒಳಭಾಗದಲ್ಲಿ ಇಂಗ್ಲಿಷ್‌ನ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು ಮತ್ತು ಇಸವಿಯ ಎರಡು ಅಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಆ ಅವಧಿ ದಾಟಿದ ಸಿಲಿಂಡರನ್ನು ವಾಪಸ್ ಕಳಿಸಿ.

ಗ್ಯಾಸ್ ಇನ್ನೆಷ್ಟಿದೆ ಎಂದು ತಿಳಿಯಲು ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಮೇಲಿಂದ ಕೆಳಗೆ ಒರೆಸಿ. ಖಾಲಿ ಭಾಗ ಬೇಗ ಒಣಗುತ್ತದೆ, ಗ್ಯಾಸ್ ಇರುವ ಭಾಗದಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ಹಬ್ಬದ ಹಿಂದಿನ ದಿನ ಇದನ್ನು ನೋಡಿಕೊಂಡರೆ ಹೋಳಿಗೆ ಅರ್ಧಕ್ಕೆ ನಿಲ್ಲುವುದಿಲ್ಲ.

ಗ್ಯಾಸ್ ಉಳಿತಾಯ ಶುರುವಾಗುವುದು ಹಿಂದಿನ ರಾತ್ರಿಯೇ. ಕಡಲೆ, ಅಲಸಂದೆ, ಹುರುಳಿ ರಾತ್ರಿ ನೆನೆಹಾಕಿ. ಅಕ್ಕಿ, ತೊಗರಿಬೇಳೆ ಅರ್ಧ ಗಂಟೆ ನೆನೆದರೂ ಬೇಗ ಬೇಯುತ್ತವೆ. ಅನ್ನ, ಬೇಳೆ, ತರಕಾರಿಯನ್ನು ಕುಕ್ಕರ್‌ನ ಡಬ್ಬಿಗಳಲ್ಲಿ ಒಟ್ಟಿಗೇ ಇಡಿ. ಕುಕ್ಕರ್ ಕೂಗಲು ಶುರುವಾದ ಮೇಲೆ ಉರಿ ಸಣ್ಣ ಮಾಡಿ. ಹೆಚ್ಚುವುದು, ಒಗ್ಗರಣೆ ಸಾಮಾನು ತೆಗೆದಿಡುವುದು ಮುಗಿದ ಮೇಲೆ ಒಲೆ ಹಚ್ಚಿ. ಫ್ರಿಜ್‌ನ ಹಾಲನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಕಾಯಿಸಿ.

ಉರಿ ನೀಲಿ ಇರಬೇಕು. ಹಳದಿಯಾಗಿ, ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಬರ್ನರ್ ಕಟ್ಟಿಕೊಂಡಿದೆ. ಒಲೆ ಪೂರ್ತಿ ಆರಿದ ಮೇಲೆ ಬರ್ನರ್ ತೆಗೆದು ಬಿಸಿ ಸೋಪಿನ ನೀರಲ್ಲಿ ನೆನೆಸಿ, ಉಜ್ಜಿ, ಚೆನ್ನಾಗಿ ಒಣಗಿಸಿ ಹಾಕಿ. ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಬಿರುಕು ಕಂಡರೆ ಅಷ್ಟು ದಿನವೂ ಕಾಯಬೇಡಿ.

ವಾಸನೆ ಬಂದರೆ ಲೈಟ್ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಹಾಗಾಗಿ ಬರೀ ಮೇಲಿನ ಗವಾಕ್ಷಿ ತೆರೆದರೆ ಸಾಲದು, ಬಾಗಿಲು ತೆರೆಯಲೇಬೇಕು. ಸೋರಿಕೆ ಅನುಮಾನ ಇದ್ದರೆ ಸೋಪಿನ ನೀರು ಸವರಿ, ಗುಳ್ಳೆ ಬಂದರೆ ಸೋರುತ್ತಿದೆ ಎಂದರ್ಥ. ಕಡ್ಡಿ ಗೀರಿ ನೋಡುವುದು ಮನೆಗೆ ಬೆಂಕಿ ಇಟ್ಟಂತೆ.

ನೀರು: ತೊಟ್ಟಿಕ್ಕುವ ನಲ್ಲಿಗೆ ಒಂದು ಚೊಂಬು

ಸೋರುವ ನಲ್ಲಿಯ ಕೆಳಗೆ ರಾತ್ರಿ ಒಂದು ಚೊಂಬು ಇಟ್ಟು ಬೆಳಗ್ಗೆ ನೋಡಿ. ತುಂಬಿ ಹರಿದಿದ್ದರೆ ರಿಪೇರಿ ಮುಂದೂಡುವ ಮನಸ್ಸಾಗುವುದಿಲ್ಲ. ಬಹಳಷ್ಟು ಸಲ ಕೆಟ್ಟಿರುವುದು ನಲ್ಲಿಯಲ್ಲ, ಒಳಗಿನ ಸಣ್ಣ ವಾಷರ್. ನೀರಿನ ಜೊತೆ ಮೋಟಾರ್ ಓಡಿಸಿದ ಕರೆಂಟೂ ಚರಂಡಿ ಸೇರುತ್ತದೆ. ಟ್ಯಾಂಕ್ ತುಂಬಿ ಚೆಲ್ಲುವ ಮನೆಯಲ್ಲಿ ಮೋಟಾರ್ ಹಾಕಿದ ಕೂಡಲೇ ಮೊಬೈಲ್‌ನಲ್ಲಿ ಅಲಾರಂ ಇಟ್ಟರೆ ಪುಕ್ಕಟೆ ಪರಿಹಾರ.

ಬೋರ್‌ವೆಲ್ ನೀರಿನಿಂದ ನಲ್ಲಿ, ಶವರ್ ಮೇಲೆ ಕಟ್ಟುವ ಬಿಳಿ ಪದರಕ್ಕೆ ನಿಂಬೆರಸ ಅಥವಾ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿ. ತೊಟ್ಟಿ, ಡ್ರಮ್‌ಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ, ಒಣಗಿಸಿ ತುಂಬಿಸಿ, ಮುಚ್ಚಿಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಹೀಗೆ ನಿಂತ ಶುದ್ಧ ನೀರಿನಲ್ಲೇ. ಆಸ್ಪತ್ರೆ ಖರ್ಚಿನ ಮುಂದೆ ಈ ಕೆಲಸ ಏನೂ ಅಲ್ಲ.

ಅಡುಗೆಮನೆ: ಹಾಳಾಗದಂತೆ ಇಡುವುದೇ ಉಳಿತಾಯ

* ತೊಗರಿಬೇಳೆಯನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ಸ್ವಲ್ಪ ಹರಳೆಣ್ಣೆ ಸವರಿ ಡಬ್ಬಿಗೆ ತುಂಬಿ. ಬಳಸುವಾಗ ತೊಳೆದರೆ ಆಯಿತು.
* ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು, ಪೂರ್ತಿ ಆರಿಸಿ ಇಡಿ. ಬಿಸಿ ಇರುವಾಗಲೇ ಮುಚ್ಚಿದರೆ ಬೆವರಿ ಮುಗ್ಗುತ್ತದೆ.
* ಅಕ್ಕಿ ಡಬ್ಬಿಗೆ ಒಣಗಿದ ಬೇವಿನ ಎಲೆ, ಒಣಮೆಣಸಿನಕಾಯಿ ಹಾಕಿ. ಹಸಿ ಎಲೆ ಹಾಕಬೇಡಿ.
* ಹಳೆಯ ದಿನಸಿಯ ಮೇಲೇ ಹೊಸತು ಸುರಿಯಬೇಡಿ. ಹುಳ ಹಳೆಯದರಿಂದ ಹೊಸದಕ್ಕೆ ಹತ್ತುತ್ತದೆ.
* ಈರುಳ್ಳಿ, ಆಲೂಗಡ್ಡೆ ಬೇರೆ ಬೇರೆ ಬುಟ್ಟಿಯಲ್ಲಿ, ಗಾಳಿಯಾಡುವ ಜಾಗದಲ್ಲಿರಲಿ.
* ಕೊತ್ತಂಬರಿ ಸೊಪ್ಪನ್ನು ತೊಳೆಯದೆ, ಬೇರು ಕತ್ತರಿಸಿ, ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ.

ಅಂಗಡಿಯಲ್ಲಿ: ಕೊಳ್ಳುವವರೂ ಮಾರುವವರೂ

ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಲ್ಲ. ಉದಾಹರಣೆಗೆ 200 ಗ್ರಾಂಗೆ 50 ರೂಪಾಯಿ, 500 ಗ್ರಾಂಗೆ 130 ರೂಪಾಯಿ ಎಂದಿದ್ದರೆ 100 ಗ್ರಾಂಗೆ ಚಿಕ್ಕದು 25, ದೊಡ್ಡದು 26. ಆಫರ್ ನೋಡುವ ಮುಂಚೆ ಈ ಲೆಕ್ಕ ಹಾಕಿ. ತೂಗುವ ಮೊದಲು ಯಂತ್ರ ಸೊನ್ನೆ ತೋರಿಸುತ್ತಿದೆಯೇ ನೋಡಿ. ಸಿಹಿತಿಂಡಿಯ ಜೊತೆ ಡಬ್ಬದ ತೂಕ ಸೇರಿಸುವಂತಿಲ್ಲ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದರ ಮೇಲೆ ‘ಕೂಲಿಂಗ್ ಚಾರ್ಜ್’ ಕೇಳುವಂತಿಲ್ಲ.

ಅಂಗಡಿಯವರಿಗೂ ಇದರಿಂದ ನಷ್ಟವಿಲ್ಲ. ಮುದ್ರೆ ಬಿದ್ದ ತಕ್ಕಡಿ, ಗ್ರಾಹಕರ ಕಡೆಗೂ ಕಾಣುವ ತೂಕದ ಅಂಕಿ ಇದ್ದರೆ ಜಗಳ ಕಡಿಮೆ, ಗಿರಾಕಿ ಖಾಯಂ. ಹೊಸ ಮಾಲನ್ನು ಹಿಂದೆ, ಹಳೆಯದನ್ನು ಮುಂದೆ ಜೋಡಿಸಿದರೆ ಅವಧಿ ಮುಗಿದು ಎಸೆಯುವುದು ತಪ್ಪುತ್ತದೆ. ಹೋಟೆಲ್, ಟೀ ಅಂಗಡಿಗಳಲ್ಲಿ ಮನೆ ಬಳಕೆಯ ಸಿಲಿಂಡರ್ ಉಪಯೋಗಿಸುವಂತಿಲ್ಲ, 19 ಕೆಜಿಯ ವಾಣಿಜ್ಯ ಸಿಲಿಂಡರ್ರೇ ಬೇಕು. ಗೃಹಜ್ಯೋತಿಯೂ ಮನೆ ಸಂಪರ್ಕಕ್ಕೆ ಮಾತ್ರ.

ಈ ‘ಉಪಾಯ’ಗಳು ಬೇಡವೇ ಬೇಡ

ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಿದರೆ ಹೆಚ್ಚು ಕ್ಲೀನ್ ಆಗುತ್ತದೆ ಎಂಬ ವಿಡಿಯೋ ನಂಬಬೇಡಿ. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟುತ್ತದೆ. ಆಸಿಡ್, ಫಿನಾಯಿಲ್‌ಗಳನ್ನು ನೀರಿನ ಅಥವಾ ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿಡಬೇಡಿ, ಮಕ್ಕಳು ಕುಡಿದು ಬಿಡುತ್ತಾರೆ. ಪದೇಪದೇ ಫ್ಯೂಸ್ ಹೋಗುತ್ತಿದೆ ಎಂದು ದಪ್ಪ ತಂತಿ ಕಟ್ಟಬೇಡಿ. ಫ್ಯೂಸ್ ಹೋಗುವುದೇ ಮನೆಯ ವೈರ್ ಸುಡದಿರಲಿ ಎಂದು.

ಗೋಡೆಗೆ ಅಂಟಿಸಿಡಿ

* ಕರೆಂಟ್ ದೂರು: 1912
* ಗ್ಯಾಸ್ ಸೋರಿಕೆ: 1906
* ಗ್ರಾಹಕ ಸಹಾಯವಾಣಿ: 1915
* ಯಾವುದೇ ತುರ್ತು: 112

ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಬೇಕಿಲ್ಲ. ಈ ವಾರ ಮೀಟರ್ ರೀಡಿಂಗ್ ಬರೆದಿಡಿ, ಗ್ಯಾಸ್ ಪೈಪ್‌ನ ದಿನಾಂಕ ನೋಡಿ. ಮುಂದಿನ ಬಿಲ್ ಬಂದಾಗ ಹಳೆಯದರ ಪಕ್ಕ ಇಟ್ಟು ಹೋಲಿಸಿದರೆ ಎಷ್ಟು ಉಳಿಯಿತು ಎಂಬುದು ಗೊತ್ತಾಗುತ್ತದೆ.