ಜಾಲತಾಣ ಬಾಗಿಲು ಹಾಕಿದಾಗ: ಹೋಸ್ಟಿಂಗ್ ಗ್ರಾಹಕರಿಗೆ ತಿಳಿದಿರಬೇಕಾದ ಸಂಗತಿಗಳು

ದೊಡ್ಡಬಳ್ಳಾಪುರ: ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದೇ ವಾರ. ಇಲ್ಲಿನ ಮಗ್ಗದ ಮಾಲೀಕರೊಬ್ಬರು ಸೀರೆ ಮಾರಾಟಕ್ಕೆಂದು ಮಾಡಿಸಿದ ಜಾಲತಾಣ ಬೆಳಗಿನಿಂದ ತೆರೆಯುತ್ತಿಲ್ಲ ಎಂದಿಟ್ಟುಕೊಳ್ಳಿ. ಹೋಸ್ಟಿಂಗ್ ಸಂಸ್ಥೆಗೆ ಫೋನ್ ಮಾಡಿದರೆ ಸರತಿಯಲ್ಲಿ ಕಾಯಿರಿ ಎಂಬ ಧ್ವನಿಮುದ್ರಿಕೆ. ಇಮೇಲ್ ಬರೆದರೆ ದೂರಿನ ಸಂಖ್ಯೆ ಬರುತ್ತದೆ, ಪರಿಹಾರ ಬರುವುದಿಲ್ಲ. ಬೇರೆ ಸಂಸ್ಥೆಗೆ ಹೋಗೋಣವೆಂದರೆ ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದೇ ಗೊತ್ತಿಲ್ಲ. ಹಬ್ಬ ಮುಗಿದ ಮೇಲೆ ತಾಣ ಸರಿಹೋದರೂ ಹೋದ ವ್ಯಾಪಾರ ಮರಳುವುದಿಲ್ಲ.

ದೇವನಹಳ್ಳಿಯ ಚಕ್ಕೋತ ಬೆಳೆಗಾರರು, ಹೊಸಕೋಟೆಯ ಹೋಟೆಲಿನವರು, ನೆಲಮಂಗಲದ ಸಾಗಣೆ ಏಜೆನ್ಸಿಯವರು, ಹಳ್ಳಿಯ ಖಾಸಗಿ ಶಾಲೆಯವರು, ಹೀಗೆ ಸ್ವಂತ ತಾಣ ಇಟ್ಟುಕೊಂಡ ಯಾರಿಗಾದರೂ ಈ ಸಂಕಟ ಎದುರಾಗಬಹುದು. ಅಂಥವರಿಗಾಗಿ ಕೆಲವು ಅಗತ್ಯ ಮಾಹಿತಿ ಇಲ್ಲಿದೆ.

ಹೆಸರು ಬೇರೆ, ಜಾಗ ಬೇರೆ

ಜಾಲತಾಣಕ್ಕೆ ಎರಡು ಭಾಗಗಳುಂಟು. ಡೊಮೇನ್ ಎಂದರೆ ಅಂಗಡಿಯ ಬೋರ್ಡಿನ ಮೇಲಿನ ಹೆಸರು. ಹೋಸ್ಟಿಂಗ್ ಎಂದರೆ ಸರಕು ಇಡುವ ಬಾಡಿಗೆ ಮಳಿಗೆ. ಮಳಿಗೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ಹೆಸರು ಮಾತ್ರ ಕೈತಪ್ಪಬಾರದು. ತಾಣ ಮಾಡಿಕೊಟ್ಟವರೇ ಡೊಮೇನನ್ನು ತಮ್ಮ ಹೆಸರು, ತಮ್ಮ ಇಮೇಲ್ ವಿಳಾಸ ಕೊಟ್ಟು ನೋಂದಾಯಿಸಿದ್ದರೆ ದಾಖಲೆಯ ಪ್ರಕಾರ ಅವರೇ ಒಡೆಯರು. ಎಷ್ಟೋ ಜಗಳಗಳ ಮೂಲ ಇಲ್ಲಿದೆ.

ಡಾಟ್ ಇನ್ ಹೆಸರುಗಳ ನೋಂದಣಿ ವ್ಯವಸ್ಥೆ ನಿಕ್ಸಿ ಎಂಬ ಭಾರತೀಯ ಸಂಸ್ಥೆಯ ಹೊಣೆ. 2005ರಲ್ಲಿ ಈ ಹೆಸರುಗಳು ಸಾರ್ವಜನಿಕರಿಗೆ ಮುಕ್ತವಾಗಿ ಸಿಗತೊಡಗಿದವು. ಡಾಟ್ ಕಾಂ ಮುಂತಾದವುಗಳಿಗೆ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮಗಳು ಅನ್ವಯ. ಅವುಗಳ ಪ್ರಕಾರ ನೋಂದಾಯಿತ ಒಡೆಯರು ಕೇಳಿದ 5 ದಿನಗಳೊಳಗೆ ವರ್ಗಾವಣೆಯ ಗುಪ್ತಸಂಕೇತ ಸಿಗಬೇಕು. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮತ್ತು ಒಂದು ವಾರ ಮುಂಚೆ ಎಚ್ಚರಿಕೆ ಕಳಿಸಬೇಕು. ಆ ಎಚ್ಚರಿಕೆ ಹೋಗುವುದು ದಾಖಲೆಯಲ್ಲಿರುವ ಇಮೇಲ್‌ಗೆ. ಅದು ಊರು ಬಿಟ್ಟ ವಿನ್ಯಾಸಕಾರನ ವಿಳಾಸವಾಗಿದ್ದರೆ ಅಂಗಡಿಯವರಿಗೆ ಸುದ್ದಿಯೇ ಮುಟ್ಟದು.

ಡೊಮೇನಿಗೆ ಕಾನೂನಿನ ರಕ್ಷಣೆ ಉಂಟು ಎಂಬುದು ಇತ್ಯರ್ಥವಾದದ್ದೂ ಬೆಂಗಳೂರಿನಲ್ಲಿ ಹುಟ್ಟಿದ ವ್ಯಾಜ್ಯದಿಂದಲೇ. ಸತ್ಯಂ ಇನ್ಫೋವೇ ಸಂಸ್ಥೆ ತನ್ನ ‘ಸಿಫಿ’ ಹೆಸರನ್ನು ಹೋಲುವ ಡೊಮೇನ್ ಬಳಸುತ್ತಿದ್ದ ಸಿಫಿನೆಟ್ ಸೊಲ್ಯೂಷನ್ಸ್ ವಿರುದ್ಧ ಇಲ್ಲಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ತಡೆಯಾಜ್ಞೆ ಪಡೆಯಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರ ತೀರ್ಪಿತ್ತು, ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯಂಥ ರಕ್ಷಣೆ ಸಲ್ಲುತ್ತದೆ ಎಂದಿತು.

ಶೇ. 99.9ರ ಲೆಕ್ಕ

‘ಶೇ. 99.9ರಷ್ಟು ಸಮಯ ತಾಣ ತೆರೆದಿರುತ್ತದೆ’ ಎಂಬುದು ಜಾಹೀರಾತುಗಳ ಮಾಮೂಲಿ ವಾಗ್ದಾನ. 30 ದಿನಗಳ ತಿಂಗಳಲ್ಲಿ ಇದರರ್ಥ ಸುಮಾರು 43 ನಿಮಿಷಗಳ ಸ್ಥಗಿತಕ್ಕೆ ಅವಕಾಶ. ಅದೇ ಶೇ. 99 ಎಂದರೆ ತಿಂಗಳಿಗೆ 7 ಗಂಟೆ 12 ನಿಮಿಷ, ವರ್ಷಕ್ಕೆ ಮೂರೂವರೆ ದಿನಕ್ಕೂ ಹೆಚ್ಚು. ಒಪ್ಪಂದದ ಸಣ್ಣ ಅಕ್ಷರಗಳನ್ನು ಓದಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ನಿರ್ವಹಣೆಗಾಗಿ ಮೊದಲೇ ಘೋಷಿಸಿದ ಸ್ಥಗಿತ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರದು. ಪರಿಹಾರವೂ ಬಹುತೇಕ ಮುಂದಿನ ಬಿಲ್ಲಿನಲ್ಲಿ ಕಡಿತದ ರೂಪದಲ್ಲಿ ಮಾತ್ರ. ವ್ಯಾಪಾರ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ.

ಅಗ್ಗದ ಯೋಜನೆಗಳಲ್ಲಿ ಒಂದೇ ಸರ್ವರ್‌ನಲ್ಲಿ ನೂರಾರು ತಾಣಗಳಿರುತ್ತವೆ. ಪಕ್ಕದ ತಾಣಕ್ಕೆ ಜನ ನುಗ್ಗಿದರೆ ನಮ್ಮದೂ ನಿಧಾನವಾಗುತ್ತದೆ. ವಠಾರದಲ್ಲಿ ಒಂದೇ ನಲ್ಲಿ ಇದ್ದ ಹಾಗೆ.

ಬ್ಯಾಕಪ್ ಕಲಿಸಿದ ಪಾಠ

2009ರ ಜೂನ್‌ನಲ್ಲಿ ಬ್ರಿಟನ್ನಿನ ವಿಎ ಸರ್ವ್ ಎಂಬ ಹೋಸ್ಟಿಂಗ್ ಸಂಸ್ಥೆಯ ಸರ್ವರ್‌ಗಳ ಮೇಲೆ ದಾಳಿ ನಡೆದು ಸುಮಾರು 1 ಲಕ್ಷ ತಾಣಗಳು ಅಳಿಸಿಹೋದವೆಂದು ವರದಿಯಾಯಿತು. ಅದು ಬಳಸುತ್ತಿದ್ದ ಹೈಪರ್‌ವಿಎಂ ತಂತ್ರಾಂಶ ಬೆಂಗಳೂರಿನ ಎಲ್‌ಎಕ್ಸ್‌ಲ್ಯಾಬ್ಸ್ ಸಂಸ್ಥೆಯದು. ತಂತ್ರಾಂಶದ ದೋಷವೇ ಕಾರಣವೆಂದು ವಿಎ ಸರ್ವ್ ಹೇಳಿತು, ಅದನ್ನು ಒಪ್ಪದವರೂ ಇದ್ದರು. ಕಾರಣ ಏನೇ ಇರಲಿ, ಬ್ಯಾಕಪ್ ಸೌಲಭ್ಯವಿಲ್ಲದ ಅಗ್ಗದ ಯೋಜನೆ ಪಡೆದು, ಸ್ವಂತ ಪ್ರತಿಯನ್ನೂ ಇಟ್ಟುಕೊಳ್ಳದ ಗ್ರಾಹಕರಿಗೆ ಮರಳಿ ಪಡೆಯಲು ಏನೂ ಉಳಿಯಲಿಲ್ಲ.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಸಂಸ್ಥೆಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ನಾಶವಾಯಿತು. ಬ್ಯಾಕಪ್ ಪ್ರತಿಗಳನ್ನೂ ಅಲ್ಲಿಯೇ ಇಟ್ಟಿದ್ದಕ್ಕಾಗಿ ಗ್ರಾಹಕ ಸಂಸ್ಥೆಯೊಂದಕ್ಕೆ ಪರಿಹಾರ ನೀಡುವಂತೆ 2023ರಲ್ಲಿ ಅಲ್ಲಿನ ನ್ಯಾಯಾಲಯ ಆದೇಶಿಸಿತು.

ಆದ್ದರಿಂದ ವಾರಕ್ಕೊಮ್ಮೆ ತಾಣದ ಕಡತಗಳು ಹಾಗೂ ಡೇಟಾಬೇಸ್ ಎರಡನ್ನೂ ಇಳಿಸಿಕೊಂಡು ಹೋಸ್ಟಿಂಗ್ ಸಂಸ್ಥೆಯ ಕೈಗೆ ಸಿಗದ ಕಡೆ ಇಡಬೇಕು. ಚಿತ್ರಗಳಷ್ಟನ್ನೇ ಉಳಿಸಿಕೊಂಡರೆ ಸಾಲದು, ಗ್ರಾಹಕರ ಆರ್ಡರ್‌ಗಳಿರುವುದು ಡೇಟಾಬೇಸಿನಲ್ಲಿ.

ದೂರು ಕೊಡುವ ಕ್ರಮ

ಫೋನಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ, ದಾಖಲೆ ಬೇಕು. ತಾಣ ನಿಂತ ದಿನಾಂಕ, ವೇಳೆ, ಪರದೆಯ ಮೇಲೆ ಕಂಡ ದೋಷ ಸಂದೇಶದ ಚಿತ್ರ, ದೂರಿನ ಸಂಖ್ಯೆ, ಹಣ ಪಾವತಿಯ ರಸೀದಿ ಇವನ್ನೆಲ್ಲ ಒಂದೆಡೆ ಇಟ್ಟುಕೊಳ್ಳಬೇಕು. ಫೋನಿನಲ್ಲಿ ಮಾತಾಡಿದ ಮೇಲೂ ಅದರ ಸಾರಾಂಶವನ್ನು ಇಮೇಲ್‌ನಲ್ಲಿ ಬರೆದು ಕಳಿಸುವುದು ಒಳ್ಳೆಯದು.

2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಅಂತರ್ಜಾಲದಲ್ಲಿ ಸರಕು, ಸೇವೆ ಮಾರುವ ಸಂಸ್ಥೆ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ವಿವರವನ್ನು ಪ್ರಕಟಿಸಬೇಕು. ಅಧಿಕಾರಿ 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಸಂಸ್ಥೆ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಕೊಡಬೇಕು.

ಇಲ್ಲೊಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಈ ಕಾಯ್ದೆಯ ದೃಷ್ಟಿಯಲ್ಲಿ ‘ಗ್ರಾಹಕ’ರಲ್ಲ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದು ಮಾತ್ರ ಪಡೆದವರಿಗೆ ವಿನಾಯಿತಿ ಉಂಟು. ಯಾರು ಯಾವ ಗುಂಪಿಗೆ ಸೇರುತ್ತಾರೆಂಬುದು ಆಯಾ ಪ್ರಕರಣದ ಸಂಗತಿಗಳನ್ನು ಅವಲಂಬಿಸಿದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಹೇಳಿದೆ. ತಾವೇ ಮಗ್ಗ ನಡೆಸಿ ಸೀರೆ ಮಾರುವ ನೇಕಾರರ ವಾದಕ್ಕೆ ಇರುವ ಬಲ ದೊಡ್ಡ ಕಂಪನಿಯ ವಾದಕ್ಕಿಲ್ಲ.

ಜಾಗ ಬದಲಿಸುವಾಗ

ಹೊಸ ಸಂಸ್ಥೆಯಲ್ಲಿ ತಾಣವನ್ನು ಪೂರ್ತಿ ಇಳಿಸಿ, ಪರೀಕ್ಷಿಸುವವರೆಗೂ ಹಳೆಯ ಖಾತೆ ಮುಚ್ಚಬಾರದು. ವಿಳಾಸ ಬದಲಾದ ಸುದ್ದಿ ಅಂತರ್ಜಾಲದ ಎಲ್ಲೆಡೆ ಹರಡಲು ಕೆಲವು ಗಂಟೆಗಳಿಂದ ಎರಡು ದಿನಗಳವರೆಗೆ ಹಿಡಿಯಬಹುದು. ಆ ಅವಧಿಯಲ್ಲಿ ಕೆಲವರಿಗೆ ಹಳೆಯ ತಾಣ, ಕೆಲವರಿಗೆ ಹೊಸ ತಾಣ ಕಾಣುವುದು ಸಹಜ. ತಾಣದ ಹೆಸರಿನಲ್ಲಿರುವ ಇಮೇಲ್ ಪೆಟ್ಟಿಗೆಗಳು ಹಳೆಯ ಸರ್ವರ್‌ನಲ್ಲೇ ಇರಬಹುದು, ಅವನ್ನು ಮರೆತರೆ ಪತ್ರಗಳು ಕಳೆದುಹೋಗುತ್ತವೆ.

ಇಷ್ಟೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಹತ್ತು ನಿಮಿಷದ್ದು. ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ಇಮೇಲ್‌ಗೆ ಜೋಡಣೆಯಾಗಿದೆ, ಅವಧಿ ಯಾವಾಗ ಮುಗಿಯುತ್ತದೆ, ಕೊನೆಯ ಬ್ಯಾಕಪ್ ಯಾವ ದಿನದ್ದು ಎಂಬುದನ್ನು ಬರೆದಿಟ್ಟುಕೊಳ್ಳುವುದು. ತಾಣ ಚೆನ್ನಾಗಿ ನಡೆಯುತ್ತಿರುವಾಗಲೇ ಇದನ್ನು ಮಾಡಿಟ್ಟವರು ಹಬ್ಬದ ವಾರದಲ್ಲಿ ಫೋನ್ ಹಿಡಿದು ಕೂರಬೇಕಾಗಿಲ್ಲ.