ತಿರುಗಿ ಓಡಿದ 65 ಗಜ

1929ರ ಜನವರಿ 1. ಪಾಸಡೀನಾದ ರೋಸ್ ಬೌಲ್‌ನಲ್ಲಿ ಜಾರ್ಜಿಯಾ ಟೆಕ್‌ಗೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಎದುರಾಳಿಯ ಕೈಜಾರಿದ ಚೆಂಡನ್ನು ಹೆಕ್ಕಿಕೊಂಡ ಕ್ಯಾಲಿಫೋರ್ನಿಯಾದ ರಾಯ್ ರೀಗಲ್ಸ್, ದಿಕ್ಕು ತಪ್ಪಿ ತನ್ನದೇ ಗೋಲ್ ಗೆರೆಯತ್ತ ಸುಮಾರು 65 ಗಜ ಓಡಿದ. ಬೆನ್ನಟ್ಟಿ ಹಿಡಿದು ನಿಲ್ಲಿಸಿದವನು ಅವನ ತಂಡದ ಬೆನ್ನಿ ಲಾಮ್. ಆದರೆ ತಡವಾಗಿತ್ತು, ಮರುಕ್ಷಣದ ಒದೆತವನ್ನು ಟೆಕ್ ತಡೆಯಿತು, 2 ಅಂಕ ಗಳಿಸಿತು. ಕೊನೆಗೆ ಟೆಕ್ 8, ಕ್ಯಾಲಿಫೋರ್ನಿಯಾ 7.

ಆ ಹಳೆಯ ಚಿತ್ರಸುರುಳಿ ನೋಡಿದಾಗಲೆಲ್ಲ ನನ್ನ ಕಣ್ಣು ನಿಲ್ಲುವುದು ಲಾಮ್ ಮೇಲೆ, ಗೆಳೆಯನನ್ನು ಉಳಿಸಲು ಜೀವ ಬಿಟ್ಟು ಓಡುವ ಆ ಹುಡುಗನ ಮೇಲೆ. ಜನ ರೀಗಲ್ಸ್‌ಗೆ ‘ರಾಂಗ್ ವೇ’ ಎಂಬ ಅಡ್ಡಹೆಸರು ಕಟ್ಟಿದರು. ಅದು ಅನ್ಯಾಯ. ನೊಂದು ಕುಸಿದಿದ್ದವನು ದ್ವಿತೀಯಾರ್ಧಕ್ಕೆ ಮೈದಾನಕ್ಕೆ ಮರಳಿ, ಟೆಕ್‌ನ ಒದೆತವೊಂದನ್ನು ತಾನೇ ತಡೆದ. ಮುಂದಿನ ಋತುವಿಗೆ ತಂಡದ ನಾಯಕನೂ ಅವನೇ.