ಕರ್ನಲ್‌ಗೆ ಯಂತ್ರದ ಪರಿಚಯ: ಸಿಂಪ್ಯೂಟರ್‌ನಿಂದ ಈಚೆಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ರೂಪಿಸಿದ ಸಿಂಪ್ಯೂಟರ್, ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಮೇಲೆ ಲಿನಕ್ಸ್ ಓಡಿಸುತ್ತಿದ್ದ ಕೈಗಣಕ. ಆ ಕಾಲದ ಆರ್ಮ್ ಯಂತ್ರಗಳಲ್ಲಿ ಬೂಟ್‌ಲೋಡರ್ ಕರ್ನಲ್‌ಗೆ ದಾಟಿಸುತ್ತಿದ್ದುದು ಒಂದು ಯಂತ್ರಸಂಖ್ಯೆ, ಮೆಮೊರಿ ಎಷ್ಟು ಎಂಬಂಥ ಕೆಲವು ವಿವರ, ಅಷ್ಟೇ. ಪರದೆ ಯಾವುದು, ಸೀರಿಯಲ್ ಪೋರ್ಟ್ ಯಾವ ವಿಳಾಸದಲ್ಲಿದೆ ಎಂಬುದನ್ನೆಲ್ಲ ಕರ್ನಲ್‌ನ ಸಿ ಕೋಡ್‌ನಲ್ಲೇ ಬರೆದಿಡಬೇಕಿತ್ತು. ಬೋರ್ಡ್ ಬದಲಾದರೆ ಕೋಡೂ ಬೇರೆ.

ಪರಿಹಾರ ಬೇರೆಡೆ ಆಗಲೇ ಸಿದ್ಧವಿತ್ತು. ಸನ್ ಕಂಪನಿಯ ಓಪನ್‌ಬೂಟ್‌ನಿಂದ ಬೆಳೆದ ಓಪನ್ ಫರ್ಮ್‌ವೇರ್ 1994ರಲ್ಲಿ ಐಇಇಇ ಮಾನಕವಾಯಿತು. ಅದು ಸಾಧನಗಳ ವಿವರವನ್ನು ಡಿವೈಸ್ ಟ್ರೀ ಎಂಬ ಮರದಲ್ಲಿ ಕೊಂಬೆ ಕೊಂಬೆಯಾಗಿ ಜೋಡಿಸಿ ಕರ್ನಲ್‌ಗೆ ಒಪ್ಪಿಸುತ್ತಿತ್ತು. ಪಿಸಿಗಳು 1996ರ ಎಸಿಪಿಐ ಕೋಷ್ಟಕಗಳ ದಾರಿ ಹಿಡಿದವು. ತಡಮಾಡಿದ್ದು ಆರ್ಮ್. ಬೋರ್ಡ್ ಕಡತಗಳ ರಾಶಿ ಕಂಡು 2011ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಸಿಡುಕಿದರು. ಆ ಸಿಡುಕು ನ್ಯಾಯವಾದದ್ದೇ. ಡಿವೈಸ್ ಟ್ರೀ ಅಲ್ಲಿ ನೆಲೆಯೂರಿದ್ದು ಆಮೇಲೆ.

ಈಗ ಬೂಟ್‌ಲೋಡರ್ ಕೊಟ್ಟ ಡಿವೈಸ್ ಟ್ರೀಯನ್ನು ಕರ್ನಲ್ ಬಿಡಿಸಿ, ಪ್ರತಿ ಸಾಧನಕ್ಕೂ ಹೊಂದುವ ಡ್ರೈವರ್ ಹುಡುಕುತ್ತದೆ. ಅದೇ ಮಾಹಿತಿ ಸಿಸ್‌ಎಫ್‌ಎಸ್‌ನ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಕಡತಗಳಾಗಿ ತೆರೆದುಕೊಳ್ಳುತ್ತದೆ. ಎಸಿಪಿಐ ಕೋಷ್ಟಕಗಳೂ ಅಲ್ಲೇ ಸಿಗುತ್ತವೆ. ಅವನ್ನು ಓದಲು ಮಾತ್ರ ರೂಟ್ ಅಧಿಕಾರ ಬೇಕು.